ದಾನದಿಂದ ಹಕ್ಕಿಗೆ: ಹವಾಮಾನ ನ್ಯಾಯ ಮತ್ತು ಧಾರ್ಮಿಕ ಸಮುದಾಯಗಳ ಹಕ್ಕೊತ್ತಾಯದ ಸಾಮರ್ಥ್ಯ

ಪೀಠಿಕೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕವನ್ನು ದಾಟಿ ದೇವನಹಳ್ಳಿಯತ್ತ ಸಾಗುವವರಿಗೆ ಚಿಕ್ಕಜಾಲದಲ್ಲಿ ಹಳೆಯ ಕೋಟೆಯೊಂದರ ಕಲ್ಲಿನ ಗೋಡೆ ಕಾಣಿಸುತ್ತದೆ. ಅದರೊಳಗೆ ಶಿಥಿಲವಾದ ದೇವಾಲಯವೂ ಮೆಟ್ಟಿಲುಗಳುಳ್ಳ ಕಲ್ಯಾಣಿಯೂ ಇವೆ. ಕೋಟೆ, ದೇವಾಲಯ ಮತ್ತು ಕಲ್ಯಾಣಿಗಳು ಹೀಗೆ ಒಂದೆಡೆ ಸೇರಿರುವುದು ಆಕಸ್ಮಿಕವಲ್ಲ. ಸದಾ ಹರಿಯುವ ನದಿಯಿಲ್ಲದ, ಮಳೆನೀರನ್ನು ಕೆರೆಯಿಂದ ಕೆರೆಗೆ ಹರಿಸಿಯೇ ಬದುಕಿದ ಈ ಸೀಮೆಯಲ್ಲಿ ನೀರನ್ನು ಕಾಯುವ ಹೊಣೆ ಆಡಳಿತಕ್ಕೂ ದೈವಕ್ಕೂ ಸಮಾನವಾಗಿ ಸೇರಿತ್ತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ತರುವಾಯ ಇದೇ ರಸ್ತೆಯ ಇಕ್ಕೆಲಗಳ ಭೂಬಳಕೆ ಸಂಪೂರ್ಣವಾಗಿ ಬದಲಾಗಿದೆ. ದೇವಸ್ಥಾನ, ಮಸೀದಿ, ಚರ್ಚುಗಳು ಉಳಿದಿವೆ, ಹೊಸದಾಗಿಯೂ ಕಟ್ಟಲ್ಪಟ್ಟಿವೆ. ಆದರೆ ನೀರಿನ ಬಗೆಗೆ ಅವು ಆಡುತ್ತಿದ್ದ ಮಾತು ಕ್ಷೀಣಿಸಿದೆ.

ಹವಾಮಾನ ನ್ಯಾಯಕ್ಕಾಗಿ ಹಕ್ಕೊತ್ತಾಯ ಮಾಡುವ ಸಾಮರ್ಥ್ಯವನ್ನು ಧಾರ್ಮಿಕ ಸಮುದಾಯಗಳು ಗಳಿಸಿಕೊಳ್ಳುವ ಬಗೆ ಹೇಗೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಪರಂಪರೆಯಲ್ಲಿ ನೀರು ಮತ್ತು ಮರಗಳ ಬಗ್ಗೆ ದಾನದ ಭಾಷೆ ಸಮೃದ್ಧವಾಗಿದೆ; ನ್ಯಾಯಕ್ಕೆ ಬೇಕಾದುದು ಹಕ್ಕಿನ ಭಾಷೆ. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವುದೇ ಸಾಮರ್ಥ್ಯವರ್ಧನೆಯ ತಿರುಳು ಎಂಬುದು ಇಲ್ಲಿನ ಪ್ರತಿಪಾದನೆ.

1. ಪರಿಕಲ್ಪನೆಯ ಸ್ವರೂಪ

ವಾತಾವರಣವನ್ನು ಕೆಡಿಸುವುದರಲ್ಲಿ ಅತ್ಯಲ್ಪ ಪಾಲುಳ್ಳವರೇ ಅದರ ಫಲವನ್ನು ಮೊದಲು ಉಣ್ಣುತ್ತಾರೆ ಎಂಬ ಅರಿವಿನಿಂದ ಹವಾಮಾನ ನ್ಯಾಯದ ಪರಿಕಲ್ಪನೆ ಹುಟ್ಟಿತು. 1992ರ ರಿಯೋ ಸಮಾವೇಶವು ರಾಷ್ಟ್ರಗಳ ಹೊಣೆ ಸಮಾನವಾದುದಾದರೂ ಅದರ ಪ್ರಮಾಣ ಭಿನ್ನವೆಂಬ ತತ್ತ್ವವನ್ನು ಅಂಗೀಕರಿಸಿತು. 2015ರ ಪ್ಯಾರಿಸ್ ಒಪ್ಪಂದದ ಪ್ರಸ್ತಾವನೆಯಲ್ಲಿ ಹವಾಮಾನ ನ್ಯಾಯವೆಂಬ ಪದವೇ ಕಾಣಿಸಿಕೊಂಡಿತು. ಅದೇ ವರ್ಷ ಪೋಪ್ ಫ್ರಾನ್ಸಿಸ್ ಅವರ 'ಲೌದಾತೊ ಸಿ' ಪತ್ರವೂ ಇಸ್ತಾಂಬುಲಿನಲ್ಲಿ ಮುಸ್ಲಿಂ ವಿದ್ವಾಂಸರ ಘೋಷಣೆಯೂ ಹಿಂದೂ ಸಂಸ್ಥೆಗಳ ಹವಾಮಾನ ಘೋಷಣೆಯೂ ಪ್ರಕಟವಾದುದು ಗಮನಾರ್ಹ. ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಂದೆಂದು ಕಾಣುವ ದೃಷ್ಟಿಗೆ ಪೋಪರ ಪತ್ರ ವಿಶೇಷ ಒತ್ತು ನೀಡಿತು.

ಈ ತತ್ತ್ವವನ್ನು ಉತ್ತರ ಬೆಂಗಳೂರಿಗೆ ಅನ್ವಯಿಸಿ ನೋಡುವುದು ಕಷ್ಟವಲ್ಲ. 2021ರ ನವೆಂಬರ್ ಮತ್ತು 2024ರ ಅಕ್ಟೋಬರ್ ತಿಂಗಳುಗಳ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಯಿತು. ಈ ಎರಡು ನೆರೆಗಳ ನಡುವೆ, 2023ರ ಮುಂಗಾರು ಕೈಕೊಟ್ಟ ಕಾರಣ 2024ರ ಬೇಸಗೆಯಲ್ಲಿ ನಗರವು ತೀವ್ರ ನೀರಿನ ಅಭಾವವನ್ನು ಕಂಡಿತು. ಅತಿವೃಷ್ಟಿ ಮತ್ತು ಅನಾವೃಷ್ಟಿಗಳು ಒಂದೇ ಊರನ್ನು ಕೆಲವೇ ವರ್ಷಗಳ ಅಂತರದಲ್ಲಿ ಬಾಧಿಸಿದವು. ಹಣವುಳ್ಳವರು ಟ್ಯಾಂಕರ್ ನೀರನ್ನು ಕೊಳ್ಳಬಲ್ಲರು; ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೂ ಕೊಳವೆಬಾವಿ ಬತ್ತಿದ ರೈತನಿಗೂ ಆ ಅನುಕೂಲವಿಲ್ಲ. ಪ್ರಕೃತಿಯ ವೈಪರೀತ್ಯವು ಅನ್ಯಾಯವಾಗಿ ಮಾರ್ಪಡುವುದು ಈ ಹಂತದಲ್ಲಿ.

2. ಶಾಸನಗಳಲ್ಲಿ ನೀರಿನ ಧರ್ಮ

ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಒಂಬತ್ತನೆಯ ಸಂಪುಟ (1905) ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಕೆರೆ ಕಟ್ಟಿಸಿದವರಿಗೆ, ತೂಬು ಇಡಿಸಿದವರಿಗೆ ಗದ್ದೆಯನ್ನು ಬಿಟ್ಟುಕೊಟ್ಟ ವಿವರಗಳು ಕರ್ನಾಟಕದ ಶಾಸನಗಳಲ್ಲಿ ಹೇರಳವಾಗಿವೆ. 'ಬಿತ್ತುವಟ್ಟ', 'ಕಟ್ಟುಕೊಡಗೆ', 'ಕೆರೆಗೊಡಗೆ' ಮುಂತಾದ ಪದಗಳು ಕೆರೆಯ ನಿರ್ಮಾಣವನ್ನೂ ನಿರ್ವಹಣೆಯನ್ನೂ ಒಂದು ವ್ಯವಸ್ಥೆಯಾಗಿ ಕಂಡ ಸಮಾಜವನ್ನು ಸೂಚಿಸುತ್ತವೆ. ಕೆರೆಯನ್ನು ಕಟ್ಟಿಸಿದರೆ ಸಾಲದು, ವರ್ಷವರ್ಷವೂ ಹೂಳೆತ್ತಲು ಆದಾಯದ ಮೂಲವೊಂದು ಇರಬೇಕೆಂಬ ವಿವೇಕ ಅಲ್ಲಿದೆ.

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವು ಇನ್ನೂ ಕುತೂಹಲಕರ. ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂಬ ಮಾತು ಸಾಮಾನ್ಯ. ಕೆಲವು ಪ್ರಾಚೀನ ಶಾಸನಗಳು ಆ ಪಾಪಗಳ ಸಾಲಿನಲ್ಲಿ ಕೆರೆಯನ್ನೂ ಆರವೆಯನ್ನೂ, ಎಂದರೆ ತೋಪನ್ನೂ, ಅಳಿದ ಪಾಪವನ್ನು ಸೇರಿಸುತ್ತವೆ. ಕೆರೆಯ ನಾಶವು ಅಳತೆಗೋಲಾಗಿ ಬಳಕೆಯಾಗುವಷ್ಟು ಘೋರವೆಂದು ಭಾವಿತವಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ. 1369ರ ಪೋರುಮಾಮಿಳ್ಳ ಶಾಸನದಲ್ಲಿ ಉಲ್ಲೇಖಗೊಂಡ ಸಪ್ತಸಂತಾನಗಳ ಕಲ್ಪನೆಯನ್ನೂ ಇಲ್ಲಿ ನೆನೆಯಬಹುದು. ಮಗ, ನಿಧಿ, ದೇವಾಲಯ, ಅಗ್ರಹಾರ, ವನ ಮತ್ತು ಕಾವ್ಯಗಳೊಂದಿಗೆ ಕೆರೆಯೂ ಒಂದು ಸಂತಾನವೇ. ಮುಂದಿನ ತಲೆಮಾರಿಗೆ ನಾವು ಹೊಣೆಗಾರರೆಂಬ ವಿಚಾರವು ನಮಗೆ ಹೊರಗಿನಿಂದ ಬಂದುದಲ್ಲ.

3. ಪುಣ್ಯದ ಮಿತಿ

ಆದರೆ ಈ ಪರಂಪರೆಯನ್ನು ಕೇವಲ ಕೊಂಡಾಡಿ ಮುಗಿಸುವಂತಿಲ್ಲ. ದಾನದ ಭಾಷೆಯಲ್ಲಿ ಕರ್ತೃ ಯಾವಾಗಲೂ ದಾನಿ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಮಣ್ಣು ಹೊತ್ತವರ ಹೆಸರು ಉಳಿಯುವುದು ವಿರಳ. ಊರಿನ ಪುಣ್ಯಕ್ಕೆಂದು ಕಟ್ಟಿದ ಕೆರೆ, ಬಾವಿ, ಕಲ್ಯಾಣಿಗಳನ್ನು ಮುಟ್ಟುವ ಅವಕಾಶ ದಲಿತರಿಗೆ ಇರಲಿಲ್ಲವೆಂಬುದು ನಮ್ಮ ಸಾಮಾಜಿಕ ಇತಿಹಾಸದ ಕಟುಸತ್ಯ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರು ಕುಡಿದಾಗ ಕೇಳಿದ್ದು ದಾನವನ್ನಲ್ಲ, ಹಕ್ಕನ್ನು. ನೀರಿನ ನ್ಯಾಯವನ್ನು ಕುರಿತ ಆಧುನಿಕ ಚಿಂತನೆಗೆ ಆ ಘಟನೆ ಶಾಸನಗಳಷ್ಟೇ ಮುಖ್ಯವಾದ ಆಕರ.

ಇಂದಿನ ಧಾರ್ಮಿಕ ಸಂಸ್ಥೆಗಳ ಪರಿಸರ ಕಾರ್ಯಕ್ರಮಗಳೂ ಬಹುಮಟ್ಟಿಗೆ ದಾನದ ಚೌಕಟ್ಟಿನಲ್ಲಿಯೇ ನಡೆಯುತ್ತವೆ. ಸಸಿ ನೆಡುವುದು, ಬೇಸಗೆಯಲ್ಲಿ ಅರವಟ್ಟಿಗೆ ಇಡುವುದು, ಮಣ್ಣಿನ ಗಣಪತಿಯನ್ನು ಹಂಚುವುದು ಇತ್ಯಾದಿ. ಇವು ಅಗತ್ಯವಾದ ಕಾರ್ಯಗಳೇ. ಆದರೆ ಕೆರೆಗೆ ನೀರು ತರುವ ರಾಜಕಾಲುವೆಯನ್ನು ಮುಚ್ಚಿದವರು ಯಾರು, ಅನುಮತಿ ನೀಡಿದ್ದು ಯಾವ ಕಚೇರಿ ಎಂಬ ಪ್ರಶ್ನೆಗಳನ್ನು ಅರವಟ್ಟಿಗೆ ಕೇಳುವುದಿಲ್ಲ. ಆ ಪ್ರಶ್ನೆಗಳನ್ನು ಕೇಳುವ ಬಲವೇ ಹಕ್ಕೊತ್ತಾಯದ ಸಾಮರ್ಥ್ಯ.

4. ಕಪ್ಪತಗುಡ್ಡದ ನಿದರ್ಶನ

ಈ ದಾಟುವಿಕೆ ಕರ್ನಾಟಕದಲ್ಲಿ ಸಾಧ್ಯವಾದುದಕ್ಕೆ ಗದಗ ಜಿಲ್ಲೆ ಉತ್ತಮ ನಿದರ್ಶನ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಫಲವತ್ತಾದ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಯತ್ನ ನಡೆದಾಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ರೈತರ ಹೋರಾಟದ ಮುಂಚೂಣಿಯಲ್ಲಿ ನಿಂತರು. ಸರ್ಕಾರ ಆ ಪ್ರಯತ್ನವನ್ನು ಕೈಬಿಟ್ಟಿತು. ಔಷಧೀಯ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡವನ್ನು 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2016ರ ನವೆಂಬರಿನಲ್ಲಿ ಆ ಆದೇಶವನ್ನು ಹಿಂತೆಗೆಯಲಾಯಿತು. ಚಿನ್ನದ ಗಣಿಗಾರಿಕೆಯ ಭೀತಿ ಆವರಿಸಿದ ಆ ಸಂದರ್ಭದಲ್ಲಿ, 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ನಡೆದ ಧರಣಿಯಲ್ಲಿ ಮಠ, ರೈತರು, ಪರಿಸರ ಹೋರಾಟಗಾರರು ಮತ್ತು ಸಾಹಿತಿಗಳು ಒಟ್ಟುಗೂಡಿದರು. 2017ರ ಏಪ್ರಿಲಿನಲ್ಲಿ ಮೀಸಲು ಸ್ಥಾನಮಾನ ಮರಳಿ ಬಂದಿತು. 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಸ್ವಾಮಿಗಳು ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಈ ಯಶಸ್ಸನ್ನು ಒಬ್ಬ ಮಠಾಧೀಶರ ವ್ಯಕ್ತಿತ್ವಕ್ಕೆ ಮಾತ್ರ ಆರೋಪಿಸುವುದು ಸರಿಯಲ್ಲ. ತೋಂಟದಾರ್ಯ ಮಠದಲ್ಲಿ ದಶಕಗಳ ಕಾಲ ವಾರಕ್ಕೊಮ್ಮೆ ಶಿವಾನುಭವ ಗೋಷ್ಠಿ ನಡೆದಿತ್ತು. ಅಲ್ಲಿಂದ ಕನ್ನಡ ಗ್ರಂಥಗಳು ಪ್ರಕಟವಾಗುತ್ತಿದ್ದವು. ಗೋಕಾಕ್ ಚಳವಳಿಯಲ್ಲಿ ಸ್ವಾಮಿಗಳು ಪಾಲ್ಗೊಂಡಿದ್ದರು. ಸೇರುವ, ಕೇಳುವ, ಓದುವ, ಬೀದಿಗಿಳಿಯುವ ಅಭ್ಯಾಸ ಜನರಲ್ಲಿ ಮೊದಲೇ ಬೆಳೆದಿತ್ತು. ಗಣಿಯ ಪ್ರಶ್ನೆ ಎದುರಾದಾಗ ಆ ಅಭ್ಯಾಸವು ಬಳಕೆಗೆ ಬಂದಿತು. ಸಾಮರ್ಥ್ಯವೆಂಬುದು ಎರಡು ದಿನಗಳ ಕಮ್ಮಟದಲ್ಲಿ ಸಿದ್ಧವಾಗುವ ವಸ್ತುವಲ್ಲ. ನಿತ್ಯದ ಧಾರ್ಮಿಕ ಬದುಕಿನೊಳಗೇ ಅದು ಕಟ್ಟಲ್ಪಡಬೇಕು.

5. ಸಾಮರ್ಥ್ಯದ ಮೂರು ನೆಲೆಗಳು

ಮೇಲಿನ ವಿವೇಚನೆಯಿಂದ ಭಾಷೆ, ದಾಖಲೆ ಮತ್ತು ವೇದಿಕೆ ಎಂಬ ಮೂರು ನೆಲೆಗಳನ್ನು ಗುರುತಿಸಬಹುದು. ಅವುಗಳನ್ನು ಚಿಕ್ಕಜಾಲದಂತಹ ಊರಿಗೆ ಹೀಗೆ ಅನ್ವಯಿಸಬಹುದು.

ಭಾಷೆ: ಪ್ರವಚನ, ಶುಕ್ರವಾರದ ಖುತ್ಬಾ ಹಾಗೂ ಭಾನುವಾರದ ಪ್ರಸಂಗಗಳಲ್ಲಿ ನೀರು ಮತ್ತು ತಾಪಮಾನದ ವಿಷಯವು ಆಯಾ ಧರ್ಮದ ಪರಿಭಾಷೆಯಲ್ಲಿಯೇ ಬರಬೇಕು. ಇಸ್ಲಾಮಿನ 'ಅಮಾನತ್', ಕ್ರೈಸ್ತರ 'ಸೃಷ್ಟಿಪಾಲನೆ', ಶರಣರ 'ದಾಸೋಹ' ಇವೆಲ್ಲವೂ ಒಡೆತನವನ್ನು ನಿರಾಕರಿಸಿ ಹೊಣೆಯನ್ನು ಒಪ್ಪುವ ಪದಗಳು. ಕಾನೂನಿನ ಕನ್ನಡವೂ ಇದರ ಭಾಗವೇ. 2020ರ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಅಧಿಸೂಚನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ದೊರೆತಾಗ, ಅದನ್ನು ದೇಶಭಾಷೆಗಳಿಗೆ ಅನುವಾದಿಸುವಂತೆ ದೆಹಲಿ ಉಚ್ಚ ನ್ಯಾಯಾಲಯವು ಜೂನ್ 30ರಂದು ಸೂಚಿಸಿತು. ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅಂತಿಮ ಅಧಿಸೂಚನೆಗೆ ತಡೆ ನೀಡಿತು. ತನ್ನ ಭಾಷೆಯಲ್ಲಿಲ್ಲದ ಕಾನೂನಿಗೆ ಪ್ರಜೆ ಆಕ್ಷೇಪ ಸಲ್ಲಿಸಲಾರನು. ಕನ್ನಡ ವಿಭಾಗಗಳು ನಿರ್ವಹಿಸಬೇಕಾದ ಪಾತ್ರವೂ ಇಲ್ಲಿಯೇ ಇದೆ.

ದಾಖಲೆ: ಊರಿನ ಕೆರೆ, ಕಾಲುವೆ, ಗುಂಡುತೋಪು, ಕಲ್ಯಾಣಿಗಳ ಸ್ಥಿತಿಯನ್ನು ಹಿರಿಯರ ನೆನಪಿನೊಂದಿಗೆ ಗ್ರಾಮನಕ್ಷೆಯನ್ನು ಹೋಲಿಸಿ ಬರೆದಿಡಬೇಕು. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಗೆ ಅವಕಾಶವಿದೆ. 2005ರ ಮಾಹಿತಿ ಹಕ್ಕು ಕಾಯಿದೆ ಕಡತಗಳನ್ನು ನೋಡುವ ಹಾದಿಯನ್ನು ತೆರೆದಿದೆ. ನಂಬಿಕೆಯ ಮಾತಿಗೆ ದಾಖಲೆಯ ಬೆಂಬಲ ದೊರೆತಾಗಲೇ ಅದು ಅಧಿಕಾರಿಯ ಮೇಜಿನ ಮೇಲೆ ನಿಲ್ಲುತ್ತದೆ.

ವೇದಿಕೆ: ಗ್ರಾಮಸಭೆ, ವಾರ್ಡು ಸಭೆಗಳು ಹಾಗೂ 2006ರ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ಅಹವಾಲು ಸಭೆಗಳು ಕಾನೂನುಬದ್ಧ ವೇದಿಕೆಗಳು. ಅಹವಾಲು ಸಭೆಗೆ ಕನಿಷ್ಠ ಮೂವತ್ತು ದಿನಗಳ ಮುನ್ಸೂಚನೆ ಇರಬೇಕು, ನಡಾವಳಿ ದಾಖಲಾಗಬೇಕು. ಈ ಮೂವತ್ತು ದಿನಗಳಲ್ಲಿ ಮೂರು ಧರ್ಮಗಳ ಮುಖಂಡರು ಒಟ್ಟಿಗೆ ಕುಳಿತು ಒಂದೇ ಮನವಿಯನ್ನು ಸಿದ್ಧಪಡಿಸುವುದಾದರೆ ಅದರ ತೂಕ ಬೇರೆಯೇ ಆಗಿರುತ್ತದೆ. ಆ ಸಭೆಯಲ್ಲಿ ಮೊದಲ ಮಾತು ಮಾತ್ರ ಗುರುಗಳದಾಗಬಾರದು. ನೀರು ಹೊರುವ ಹೆಣ್ಣುಮಕ್ಕಳದೂ ಕೂಲಿಕಾರರದೂ ಆಗಬೇಕು. ಇಲ್ಲವಾದರೆ ಹಳೆಯ ದಾನಿಯ ಸ್ಥಾನದಲ್ಲಿ ಹೊಸ ಮುಖಂಡನು ಬಂದು ಕುಳಿತಂತಾಗುತ್ತದೆ.

ಒಂದು ಎಚ್ಚರಿಕೆಯೂ ಅವಶ್ಯ. ಹಕ್ಕನ್ನು ಕೇಳುವ ಸಂಸ್ಥೆ ತನ್ನ ನಡೆಯನ್ನೂ ಪರೀಕ್ಷೆಗೆ ಒಡ್ಡಬೇಕು. ಕೆರೆಯಂಗಳವನ್ನು ಒತ್ತುವರಿ ಮಾಡಿ ಕಟ್ಟಿದ ಪ್ರಾರ್ಥನಾಲಯಕ್ಕಾಗಲಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ನೀರಿಗೆ ಬಿಡುವ ಉತ್ಸವ ಸಮಿತಿಗಾಗಲಿ ನ್ಯಾಯದ ಮಾತು ಒಪ್ಪುವುದಿಲ್ಲ.

ಉಪಸಂಹಾರ

ಶಾಸನಗಳು ಕೆರೆಯ ನಾಶವನ್ನು ಪಾಪವೆಂದು ಕರೆದವು. ಅಂಬೇಡ್ಕರ್ ಅವರು ಕೆರೆಯ ನಿರಾಕರಣೆಯನ್ನು ಅನ್ಯಾಯವೆಂದು ಕರೆದರು. ಈ ಎರಡೂ ಮಾತುಗಳನ್ನು ಒಟ್ಟಿಗೆ ಆಡಬಲ್ಲ ಸಮುದಾಯವೇ ಹವಾಮಾನ ನ್ಯಾಯದ ಪರವಾಗಿ ದನಿಯೆತ್ತಬಲ್ಲದು. ಪಾಪದ ಅರಿವು ಮಾತ್ರ ಇದ್ದಲ್ಲಿ ಅದು ಪ್ರಾಯಶ್ಚಿತ್ತದಲ್ಲಿ ಮುಗಿಯಬಹುದು. ಹಕ್ಕಿನ ಅರಿವು ಮಾತ್ರ ಇದ್ದಲ್ಲಿ ಮುಂದಿನ ತಲೆಮಾರಿನ ಪಾಲು ಮರೆಯಾಗಬಹುದು. ಗದಗಿನಲ್ಲಿ ಒಂದು ಗುಡ್ಡಕ್ಕಾಗಿ ಸಾಧ್ಯವಾದುದು ಜಾಲ ಹೋಬಳಿಯ ಕೆರೆಗಳಿಗಾಗಿಯೂ ಸಾಧ್ಯ. ಅದಕ್ಕೆ ಬೇಕಾದ ಪದಗಳು ಕನ್ನಡದಲ್ಲಿವೆ, ಅವಕಾಶಗಳು ಕಾನೂನಿನಲ್ಲಿವೆ. ಅವೆರಡನ್ನೂ ಪ್ರತಿ ವಾರ ಸೇರುವ ಭಕ್ತ ಸಮೂಹದ ಬಳಿಗೆ ಕೊಂಡೊಯ್ಯುವ ಕಾರ್ಯ ಇನ್ನು ನಡೆಯಬೇಕಾಗಿದೆ.