ಒದ್ದೆ ಗೋಡೆಗೆ ಪ್ಲಾಸ್ಟರ್ ಬೇಡ

ಯುವಜನರ ಕೂಟದ ಪಾಠ: ಮನೆ ಮತ್ತು ಮದುವೆ
ಓದಬೇಕಾದ ಭಾಗಗಳು: ಯಾಜಕಕಾಂಡ 14:33–48, ನೆಹೆಮೀಯ 3:12, 1 ಪೇತ್ರ 3:7

 

ನಿಮ್ಮಲ್ಲೇ ಒಬ್ಬ ತಮ್ಮ ಮೊನ್ನೆ ಕೇಳಿದ, "ಪಾಸ್ಟರ್, ಸೋಮವಾರ ನೀವು ಎಲ್ಲಿಗೆ ಹೋಗ್ತೀರಾ? ಫೋನೇ ಎತ್ತಲ್ಲ." ಹೇಳ್ತೀನಿ. ನನ್ನ ಕೆಲಸಕ್ಕೆ ಸೋಮವಾರ ವಾರದ ರಜೆ. ನನ್ನ ಹೆಂಡತಿ ನರ್ಸ್, ಡ್ಯೂಟಿ ಬದಲಾಯಿಸಿಕೊಳ್ತಾಳೆ. ಬೆಳಿಗ್ಗೆ ಐದಕ್ಕೆ ಮೈಸೂರು ಬಿಟ್ಟು, ನಂಜನಗೂಡು, ಬೇಗೂರು ದಾಟಿ, ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿಗೆ ಹೋಗ್ತೀವಿ. ಅಲ್ಲಿ ನನ್ನ ತಾತ ಕಟ್ಟಿದ ಮನೆ ಇದೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮುಂದೆ ಜಗುಲಿ, ಹಿಂದೆ ಬಚ್ಚಲು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬರೇ ಇದ್ದಾರೆ. ಮೈಸೂರಿಗೆ ಬಾರವ್ವ ಅಂದರೆ, "ಇಲ್ಲೇ ಇರ್ತೀನಿ ಬುಡಪ್ಪ" ಅಂತಾರೆ. ಹಾಗಾಗಿ ಆ ಮನೆಯನ್ನ ನಾವಿಬ್ಬರೇ ರಿಪೇರಿ ಮಾಡ್ತಾ ಇದ್ದೀವಿ.

ಇವತ್ತಿನ ಪಾಠ ಆ ಮನೆಯ ಒಂದು ಗೋಡೆಯಿಂದ ಕಲಿತದ್ದು. ಇದರಲ್ಲಿ ನನ್ನ ತಪ್ಪೇ ಜಾಸ್ತಿ ಇದೆ. ಆದರೂ ಕೇಳಿ.

ಕಳೆದ ವರ್ಷ ಏಪ್ರಿಲ್. ಬಚ್ಚಲಿನ ಪಕ್ಕದ ಗೋಡೆಯ ಮಣ್ಣು ಉದುರುತ್ತಿತ್ತು. ಸಿಮೆಂಟ್ ಪ್ಲಾಸ್ಟರ್ ಹಾಕಿಬಿಡೋಣ ಅಂದೆ. ನನ್ನ ಮಾವ ಗಾರೆ ಕೆಲಸದವರು, ನನ್ನ ಹೆಂಡತಿ ಚಿಕ್ಕಂದಿನಲ್ಲಿ ಅವರ ಜೊತೆ ಬಾಂಡ್ಲಿ ಹೊತ್ತವಳು. ಅವಳು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, "ರೀ, ಇದು ಒಳಗೆ ಒದ್ದೆ ಇದೆ. ಸಿಮೆಂಟ್ ಬೇಡ. ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡೋಣ" ಅಂದಳು. ನಾನು ಎರಡು ವಿಡಿಯೋ ನೋಡಿದ್ದೆ. "ನನಗೆ ಗೊತ್ತು, ನೀನು ಸುಮ್ನಿರು" ಅಂದೆ. ಅದರ ಹಿಂದಿನ ಭಾನುವಾರವಷ್ಟೇ ಎಫೆಸ 5ರಿಂದ "ಗಂಡನು ತಲೆ" ಅಂತ ಬೋಧಿಸಿದ್ದೆ. ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕು ಅನ್ನುವ 21ನೇ ವಚನವನ್ನ ಮಾತ್ರ ಓದಿರಲಿಲ್ಲ.

ಪ್ಲಾಸ್ಟರ್ ನುಣ್ಣಗೆ ಬಂತು. ಬಣ್ಣ ಹೊಡೆದು ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ನಿಮ್ಮಲ್ಲಿ ಎಷ್ಟೋ ಜನ ಹಾರ್ಟ್ ಒತ್ತಿದ್ರಿ.

ಅಕ್ಟೋಬರ್‌ನಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಬಾಗಿಲಿನಷ್ಟು ದೊಡ್ಡ ಪ್ಲಾಸ್ಟರ್ ಹಲ್ಲೆ, ಹಿಂದಿನ ಮಣ್ಣಿನ ಸಮೇತ, ಕಳಚಿ ಅವ್ವನ ಮಂಚದ ಮೇಲೆ ಬಿತ್ತು. ಆ ರಾತ್ರಿ ಅವ್ವ ನೆಂಟರ ಮನೆಯ ಮದುವೆ ಕೆಲಸಕ್ಕೆ ಹೋಗಿ ಅಲ್ಲೇ ಮಲಗಿದ್ದರು. ದೇವರು ಕಾಪಾಡಿದರು ಅಂತ ನಾನು ಸಭೆಯಲ್ಲಿ ಸಾಕ್ಷಿ ಹೇಳಿದೆ, ನೀವು ಹಲ್ಲೆಲೂಯ ಅಂದ್ರಿ. ಅದು ನಿಜ. ಆದರೆ ಅರ್ಧ ಮಾತ್ರ ಹೇಳಿದ್ದೆ. ಗೋಡೆ ಬೀಳಿಸಿದ್ದು ಸೈತಾನ ಅಲ್ಲ, ನಾನು.

ಮಣ್ಣಿನ ಗೋಡೆ ನೆಲದ ತೇವವನ್ನ ದೀಪದ ಬತ್ತಿ ಎಣ್ಣೆ ಎಳೆದಂತೆ ಮೇಲಕ್ಕೆ ಎಳೆಯುತ್ತೆ. ಆ ತೇವ ಗೋಡೆಯ ಮೈಯಿಂದ ಆವಿಯಾಗಿ ಹೊರಗೆ ಹೋಗ್ತಾ ಇದ್ದರೆ ಗೋಡೆ ಗಟ್ಟಿಯಾಗೇ ಇರುತ್ತೆ. ಸಿಮೆಂಟ್ ಆ ದಾರಿ ಮುಚ್ಚುತ್ತೆ. ಮಣ್ಣಿಗೆ ಅದು ಸರಿಯಾಗಿ ಹಿಡಿದುಕೊಳ್ಳುವುದೂ ಇಲ್ಲ. ಹೊರಗೆ ನೋಡಿದರೆ ಕಲ್ಲಿನ ಹಾಗೆ, ಒಳಗೆ ಕೆಸರು.

ಬಿದ್ದ ಮಣ್ಣು ಬಾಚುತ್ತಾ ನನ್ನ ಹೆಂಡತಿ ಕೇಳಿದಳು, "ಇದಕ್ಕೆ ಎಷ್ಟು ಖರ್ಚಾಯ್ತು ಅಂದ್ರಿ?" ಉಳಿತಾಯದ ಹಣದಲ್ಲೇ ಮಾಡಿದೆ ಅಂತ ಹೇಳಿದ್ದೆ. ನಿಜವಾಗಿ 60,000 ರೂಪಾಯಿ ಕೈಸಾಲ ಮಾಡಿದ್ದೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 1,800, ವರ್ಷಕ್ಕೆ ಶೇ. 36. ಆರು ತಿಂಗಳು ಬಡ್ಡಿ ಕಟ್ಟಿದ್ದೆ, ಅಸಲು ಒಂದು ರೂಪಾಯಿ ಇಳಿದಿರಲಿಲ್ಲ. ಅಲ್ಲೇ ಮಣ್ಣಿನ ಗುಡ್ಡೆ ಮೇಲೆ ಕೂತು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದಳು: "ಒಳಗೆ ಇನ್ನೂ ಏನಾದ್ರೂ ಇದೆಯಾ?"

ಪ್ರಿಯರೇ, ಈಗ ಯಾಜಕಕಾಂಡ 14 ತೆಗೆಯಿರಿ. ನಾವು ಹಾರಿಸಿ ಓದುವ ಅಧ್ಯಾಯ ಇದು. ಮನೆಯ ಗೋಡೆಗೆ ರೋಗ ಬಂದರೆ ಏನು ಮಾಡಬೇಕು ಅಂತ ಕರ್ತನು ಮೋಶೆ ಆರೋನರಿಗೆ ಕ್ರಮವಾಗಿ ಹೇಳ್ತಾನೆ.

1. ಮನೆಯವನೇ ಹೋಗಿ ಹೇಳಬೇಕು (ವಚನ 35)

ಯಾಜಕನು ಮನೆಮನೆ ಹುಡುಕಿಕೊಂಡು ಬರಲ್ಲ. ನಮ್ಮ ಮನೆಯಲ್ಲಿ ಏನೋ ಇದ್ದ ಹಾಗಿದೆ ಅಂತ ಯಜಮಾನನೇ ಹೋಗಿ ಹೇಳಬೇಕು. ಖಚಿತವಾಗಿ ಗೊತ್ತಾದ ಮೇಲಲ್ಲ, ಅನುಮಾನ ಬಂದಾಗಲೇ. ನಾನು ಗೋಡೆ ಬೀಳುವವರೆಗೂ ಕಾದೆ. ಆ ಆರು ತಿಂಗಳು ಉಪವಾಸ ಮಾಡಿದೆ, ಅನ್ಯಭಾಷೆಯಲ್ಲಿ ಗಂಟೆಗಟ್ಟಲೆ ಪ್ರಾರ್ಥಿಸಿದೆ. ಮನಸ್ಸಿಗೆ ಸಮಾಧಾನವೇ ಇರಲಿಲ್ಲ. 1 ಪೇತ್ರ 3:7 ನೋಡಿ. ಹೆಂಡತಿಯನ್ನ ಮಾನ್ಯ ಮಾಡಿ ವಿವೇಕದಿಂದ ಬಾಳದಿದ್ದರೆ ಗಂಡನ ಪ್ರಾರ್ಥನೆಗೇ ಅಡ್ಡಿ ಬರುತ್ತೆ ಅಂತ ಅಪೊಸ್ತಲನು ಎಚ್ಚರಿಸ್ತಾನೆ. ನನಗೆ ಬಂದ ಅಡ್ಡಿ ನನ್ನ ಮನೆಯೊಳಗೇ ಇತ್ತು.

2. ಖಾಲಿ ಮಾಡಿ, ನೋಡಿ, ಕಾಯಿರಿ (36–38)

ಮೊದಲು ಸಾಮಾನು ಹೊರಗೆ. ಆಮೇಲೆ ನೋಡುವುದು. ಆಮೇಲೆ ಏಳು ದಿನ ಬಾಗಿಲು ಮುಚ್ಚಿ ಕಾಯುವುದು. ನಾವೂ ಮಂಚ, ಪೆಟ್ಟಿಗೆ, ರಾಗಿ ಮೂಟೆ ಎಲ್ಲ ಜಗುಲಿಗೆ ಹಾಕಿ ನೀರಿನ ಮೂಲ ಹುಡುಕಿದೆವು. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿಬಿಟ್ಟಿತ್ತು. ಬಚ್ಚಲ ನೀರು, ಸೂರಿನ ನೀರು ಎರಡೂ ಗೋಡೆಯ ಬುಡಕ್ಕೇ ಬರುತ್ತಿತ್ತು. ಗೋಡೆಯ ತಪ್ಪೇ ಅಲ್ಲ! ಹೊರಗಿನ ಮಣ್ಣು ತೆಗೆದು, ನೀರು ದೂರ ಹರಿಯುವ ಹಾಗೆ ಇಳಿಜಾರು ಮಾಡಿ, ಚರಂಡಿ ಕಟ್ಟಿದೆವು. ಗೋಡೆ ಒಣಗಲು ತಿಂಗಳುಗಳೇ ಬೇಕಾಯ್ತು. ಅಷ್ಟು ದಿನ ಬಣ್ಣ ಇಲ್ಲ, ಫೋಟೋ ಇಲ್ಲ.

3. ಕೆಟ್ಟದ್ದು ತೆಗೆದು, ಕೆರೆದು, ಆಮೇಲೆ ಹೊಸ ಗಾರೆ (40–42)

ಈ ಕ್ರಮ ತಪ್ಪಬೇಡಿ. ಉಳಿದ ಸಿಮೆಂಟನ್ನ ಉಳಿ ಸುತ್ತಿಗೆ ಹಿಡಿದು ಬಿಡಿಸಿದೆವು. ಸಡಿಲ ಮಣ್ಣು ಕೆರೆದೆವು. ಹಳ್ಳ ಬಿದ್ದ ಕಡೆ ಅದೇ ಊರಿನ ಮಣ್ಣಿಗೆ ಹುಲ್ಲು ಸೇರಿಸಿ ತುಳಿದು ತುಂಬಿದೆವು. ಅದು ಒಣಗಿದ ಮೇಲೆ ಸುಣ್ಣದ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣದ ಗಾರೆ ಗೋಡೆಯ ತೇವವನ್ನ ಹೊರಗೆ ಬಿಡುತ್ತೆ.

ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಸುಟ್ಟ ಸುಣ್ಣದ ಕಲ್ಲು ನೀರು ಕಂಡರೆ ಕುದಿಯುತ್ತೆ. ನೀರಿಗೆ ಸುಣ್ಣವನ್ನ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು. ಅರಳಿದ ಸುಣ್ಣ ಎರಡು ವಾರವಾದರೂ ನೆನೆಯಲಿ. ಗಾರೆ ಬಳಿದ ಮೇಲೆ ಕೆಲವು ದಿನ ಒದ್ದೆ ಗೋಣಿಚೀಲ ಕಟ್ಟಿ ಬಿಸಿಲಿನಿಂದ ಕಾಪಾಡಿ. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುತ್ತೆ, ಅವಸರ ಮಾಡಿದರೆ ಬಿರುಕು ಬಿಡುತ್ತೆ.

ಸಾಲಕ್ಕೂ ಇದೇ ಕ್ರಮ. ನಾನು "ಸಾರಿ" ಅಂದ ತಕ್ಷಣ ಎಲ್ಲ ಸರಿಹೋಗಲಿಲ್ಲ. ಒಂದು ನೋಟ್‌ಬುಕ್ ತಂದೆವು. ಪ್ರತಿ ಶನಿವಾರ ಇಬ್ಬರೂ ಕೂತು ಬಂದದ್ದು, ಹೋದದ್ದು ಬರೆಯುತ್ತೀವಿ. ಬೈಕ್ ಮಾರಿದೆ, ಅದಕ್ಕೇ ಈಗ ಬಸ್ಸಿನಲ್ಲಿ ಓಡಾಟ. ಇನ್ನೂ 22,000 ಬಾಕಿ ಇದೆ. ಕೆಲವು ಶನಿವಾರ ಅವಳ ಕಣ್ಣಲ್ಲಿ ನೀರು ಬರುತ್ತೆ. ಅದನ್ನ ಮುಚ್ಚೋಕೆ ನಾನು ವಚನ ಹೇಳಲ್ಲ. ಗೋಡೆ ಒಣಗೋಕೆ ಬಿಡಬೇಕು.

4. ಇಬ್ಬರ ಕೈಯೂ ಗಾರೆಯಲ್ಲಿ (ನೆಹೆಮೀಯ 3:12)

ಯೆರೂಸಲೇಮಿನ ಗೋಡೆ ಕಟ್ಟಿದವರ ಪಟ್ಟಿಯಲ್ಲಿ ಶಲ್ಲೂಮನ ಹೆಣ್ಣುಮಕ್ಕಳೂ ಇದ್ದಾರೆ. ಅಧಿಕಾರಿಯ ಮಕ್ಕಳು, ಅಪ್ಪನ ಜೊತೆ ಗೋಡೆ ಕೆಲಸಕ್ಕೆ ನಿಂತರು. ಈಗ ನಮ್ಮ ಮನೆಯಲ್ಲಿ ಮೇಸ್ತ್ರಿ ನನ್ನ ಹೆಂಡತಿ, ಮರಳು ಜರಡಿ ಹಿಡಿಯುವ ಆಳು ನಾನು. ಹೆಂಚು ಇಳಿಸಿದಾಗ ಅವಳು ಒಂದೊಂದನ್ನೂ ಬೆರಳಲ್ಲಿ ತಟ್ಟಿ ಕೇಳಿದಳು. ಟಣ್ ಅಂದರೆ ಒಳ್ಳೆಯದು, ಮಂಕಾಗಿ ಕೇಳಿದರೆ ಬಿರುಕು ಬಿಟ್ಟಿದೆ.

ಆ ಹೆಂಚುಗಳ ಹಿಂದೆಯೂ ಒಂದು ಸಾಕ್ಷಿ ಇದೆ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ವಿಶ್ವಾಸಕ್ಕೆ ಬಂದವರಲ್ಲಿ ಎಷ್ಟೋ ಜನ ಜಾತಿಯಿಂದ ಹೊರಬಿದ್ದು ಕೆಲಸ ಕಳೆದುಕೊಂಡರು. ಅವರಿಗೆ ಪ್ರಾರ್ಥನೆ ಮಾತ್ರ ಕೊಟ್ಟು ಕಳಿಸಲಿಲ್ಲ. ನೇಯ್ಗೆ ಶುರುಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕೈಕೆಲಸ ಆತ್ಮಿಕವಲ್ಲ ಅಂದುಕೊಂಡವರು ನಿಮ್ಮೂರಿನ ಹಳೇ ಸೂರುಗಳನ್ನ ಒಮ್ಮೆ ತಲೆಯೆತ್ತಿ ನೋಡಿ.

5. ಕೆಲವು ಗೋಡೆ ಕೆಡವಲೇಬೇಕು (43–45)

ರೋಗ ಮತ್ತೆ ಹರಡಿದರೆ ಆ ಮನೆ ಕೆಡವಿಬಿಡಿ ಅನ್ನುತ್ತೆ ವಾಕ್ಯ. ತೊಲೆಗೆ ಗೆದ್ದಲು ಹಿಡಿದಾಗ ನಾವು ಕೈ ಹಾಕಲಿಲ್ಲ, ಬಡಗಿಯನ್ನ ಕರೆದೆವು. ವೈರಿಂಗಿಗೂ ಗೊತ್ತಿದ್ದವರನ್ನೇ ಕರೆದೆವು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹೊಡೆತ ಬಡಿತ ಇದ್ದರೆ, ಅದು ಪ್ಲಾಸ್ಟರ್ ಮಾಡಿ ಸಹಿಸಿಕೊಳ್ಳುವ ವಿಷಯ ಅಲ್ಲ ತಂಗಿ. ಮೊದಲು ಹೊರಗೆ ಬಾ, ಹೇಳು. ನಾನೂ ನನ್ನ ಹೆಂಡತಿಯೂ ನಿನ್ನ ಜೊತೆ ನಿಲ್ಲುತ್ತೇವೆ.

ಹೋದ ಸೋಮವಾರ ಅವ್ವ ಆ ಗೋಡೆಗೆ ಬೆನ್ನು ಕೊಟ್ಟು ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಈಗ ಬೆಚ್ಚಗದೆ ಕಣವ್ವ" ಅಂತ ಸೊಸೆಗೆ ಹೇಳಿದರು. ನನಗೆ ಹೇಳಲಿಲ್ಲ. ಸರಿಯಾಗೇ ಇದೆ.

ಈ ವಾರದ ಅಭ್ಯಾಸ: ಮದುವೆಯಾದವರು ಒಂದು ಸಂಜೆ ಫೋನ್ ಪಕ್ಕಕ್ಕಿಟ್ಟು ಒಬ್ಬರನ್ನೊಬ್ಬರು ಆ ಪ್ರಶ್ನೆ ಕೇಳಿ, "ಒಳಗೆ ಇನ್ನೂ ಏನಾದ್ರೂ ಇದೆಯಾ?" ಉತ್ತರ ಬಂದಾಗ ಮಧ್ಯೆ ಬಾಯಿ ಹಾಕಬೇಡಿ. ಮದುವೆ ಗೊತ್ತಾದವರು ನಿಮ್ಮ ಸಾಲದ ಲೆಕ್ಕವನ್ನ ಮದುವೆಗೆ ಮುಂಚೆಯೇ ತೋರಿಸಿ.

ಪ್ರಾರ್ಥನೆ ಮಾಡೋಣ. ಕರ್ತನೇ, ನಾವು ಬಣ್ಣ ಹೊಡೆದು ಮುಚ್ಚಿದ್ದು ನಿನಗೆ ಕಾಣುತ್ತೆ. ಬೀಳುವ ಮುಂಚೆಯೇ ಹೇಳುವ ಧೈರ್ಯ ಕೊಡು. ಕೇಳುವವರಿಗೆ ತಾಳ್ಮೆ ಕೊಡು. ನಮ್ಮ ಮನೆಗಳನ್ನ ನೀನೇ ಕಟ್ಟು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.