ಹಳೆಯ ಜಾವಾ, ಯೆಜ್ಡಿ: ಇಲ್ಲದ ಸಾಮಾನಿಗೆ ಬೆಲೆ ಕಟ್ಟುವುದು

ಹಳೆಯ ಜಾವಾ ಅಥವಾ ಯೆಜ್ಡಿ ಕೊಳ್ಳಲು ಹೋದವರು ಮೊದಲು ಕಿಕ್ ಹೊಡೆದು ಎಂಜಿನ್ ಸ್ಟಾರ್ಟ್ ಆಗುತ್ತದೆಯೇ ಎಂದು ನೋಡುತ್ತಾರೆ. ಹಣದ ಲೆಕ್ಕದಲ್ಲಿ ಅದು ಕೊನೆಗೆ ನೋಡಬೇಕಾದದ್ದು. ಪಿಸ್ಟನ್, ರಿಂಗ್, ಬೇರಿಂಗ್, ಕ್ಲಚ್ ಪ್ಲೇಟ್, ಆಯಿಲ್ ಸೀಲ್ ಇವೆಲ್ಲ ಇಂದಿಗೂ ಹೊಸದಾಗಿ ತಯಾರಾಗಿ ಮಾರುಕಟ್ಟೆಗೆ ಬರುತ್ತವೆ. ಬೋರಿಂಗ್ ಮಾಡಿಸಿ ಸತ್ತ ಎಂಜಿನ್ನನ್ನು ಎಬ್ಬಿಸಬಲ್ಲ ಮೇಸ್ತ್ರಿಗಳು ಮೈಸೂರಿನಲ್ಲಿ ಈಗಲೂ ಇದ್ದಾರೆ. ಸಿಗದೆ ಸತಾಯಿಸುವುದು ಸಣ್ಣಪುಟ್ಟ ಸಾಮಾನು: ಟೂಲ್ ಬಾಕ್ಸಿನ ಮುಚ್ಚಳ, ಕಾರ್ಬುರೇಟರಿನ ಕವರ್, ಹೆಡ್‌ಲ್ಯಾಂಪಿನ ರಿಮ್, ಟ್ಯಾಂಕಿನ ಲಾಂಛನ. ಗಾಡಿಯ ಮೇಲೆ ಏನೇನಿಲ್ಲ ಎಂಬುದನ್ನು ಕಂಡುಹಿಡಿಯದೆ ಚೌಕಾಸಿಗೆ ಕೂತರೆ ಮಾರುವವನು ಹೇಳಿದ್ದೇ ಬೆಲೆ.

ಈ ಗಾಡಿಗಳು ಹುಟ್ಟಿದ್ದು ಮೈಸೂರಿನಲ್ಲೇ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಯಾದವಗಿರಿ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1961ರಲ್ಲಿ ಉತ್ಪಾದನೆ ಶುರುವಾಯಿತು. ಜೆಕೊಸ್ಲೊವಾಕಿಯಾದ ತಂತ್ರಜ್ಞಾನದಲ್ಲಿ ತಯಾರಾದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಂಪನಿ ಪಾರ್ಟ್ ಎಂಬುದು ಅಲ್ಲಿಗೆ ನಿಂತಿತು. 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಜಾವಾ ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗುವ ಎಂಜಿನ್ನಿನ ಬೇರೆಯೇ ಗಾಡಿ. ಅದರ ಶೋರೂಮಿಗೆ ಹೋಗಿ ಹಳೆಯ ಟೂ ಸ್ಟ್ರೋಕ್ ಗಾಡಿಯ ಸಾಮಾನು ಕೇಳಿ ಪ್ರಯೋಜನವಿಲ್ಲ.

ಕೊಳ್ಳುವವರಿಗೆ ಮೈಸೂರಿನಲ್ಲಿ ಒಂದು ಅನುಕೂಲವಿದೆ. ಲಲಿತಮಹಲ್ ಅರಮನೆ, ಕಾರಂಜಿ ಕೆರೆ, ತೆರೇಸಿಯನ್ ಕಾಲೇಜುಗಳ ಆಸುಪಾಸಿನ ಸಿದ್ಧಾರ್ಥನಗರದಂಥ ಬಡಾವಣೆಗಳಲ್ಲಿ ಒಂದೇ ಮನೆಯವರ ಕೈಯಲ್ಲಿ ಉಳಿದ ಗಾಡಿಗಳು ಆಗೊಮ್ಮೆ ಈಗೊಮ್ಮೆ ಮಾರಾಟಕ್ಕೆ ಬರುತ್ತವೆ. ಇವು ದಲ್ಲಾಳಿಯ ಅಂಗಳದಲ್ಲಿ ಮಿರಮಿರ ಮಿಂಚುವ ಗಾಡಿಯಷ್ಟು ಚೆನ್ನಾಗಿ ಕಾಣುವುದಿಲ್ಲ. ಧೂಳು, ತುಕ್ಕು, ಹರಿದ ಸೀಟು. ಆದರೂ ಸಾಮಾನು ಪೂರ್ತಿ ಇರುವ ಸಾಧ್ಯತೆ ಇವುಗಳಲ್ಲೇ ಹೆಚ್ಚು. ಹೊಸ ಪೇಂಟಿನ ಅಡಿಯಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಧೂಳಿನ ಅಡಿಯಲ್ಲಿ ಇರುವುದು ಒಂದು ಒದ್ದೆ ಬಟ್ಟೆಗೆ ಗೊತ್ತಾಗುತ್ತದೆ.

ಪರೀಕ್ಷೆಯ ಮೊದಲ ಹಂತ ಮಾದರಿಯನ್ನು ಗುರುತಿಸುವುದು. ಮೈಸೂರಿನಲ್ಲಿ ಎಲ್ಲವನ್ನೂ ಒಟ್ಟಾಗಿ ಜಾವಾ ಎಂದೇ ಕರೆಯುವ ರೂಢಿಯಿದೆ. ಆ ರೂಢಿ ಕೊಳ್ಳುವವರಿಗೆ ದುಬಾರಿ. ಅರವತ್ತರ ದಶಕದ ಜಾವಾ 250ಕ್ಕೆ 16 ಇಂಚಿನ ಚಕ್ರ, ಹೆಡ್‌ಲ್ಯಾಂಪಿನ ಗೂಡಿನೊಳಗೇ ಕೂತ ಸ್ಪೀಡೋಮೀಟರ್, ಟ್ಯಾಂಕಿನ ಇಕ್ಕೆಲದಲ್ಲಿ ಕ್ರೋಮ್ ಮತ್ತು ಮೊಣಕಾಲಿಗೆ ತಾಗುವ ರಬ್ಬರ್ ಪ್ಯಾಡ್ ಇದ್ದವು. 1978ರಲ್ಲಿ ಬಂದ ರೋಡ್‌ಕಿಂಗ್‌ಗೆ 18 ಇಂಚಿನ ಚಕ್ರ; ಅದರ ಮೈಕಟ್ಟೇ ಬೇರೆ. ಇವುಗಳ ನಡುವೆ ಮತ್ತು ನಂತರ ಡಿಲಕ್ಸ್, ಕ್ಲಾಸಿಕ್, ಆಯಿಲ್ ಕಿಂಗ್, ಮೊನಾರ್ಕ್, ಎರಡು ಸಿಲಿಂಡರಿನ ಯೆಜ್ಡಿ 350 ಬಂದವು. ಒಂದು ಮಾದರಿಯಲ್ಲಿ ಇರಲೇಬೇಕಾದ ಸಾಮಾನು ಇನ್ನೊಂದರಲ್ಲಿ ಇದ್ದರೆ ಅದೇ ದೋಷ. ಆಯಿಲ್ ಕಿಂಗ್‌ನಲ್ಲಿ ಆಯಿಲ್ ಪಂಪ್ ಇಲ್ಲದಿದ್ದರೆ ಹೆಸರೊಂದೇ ಉಳಿದಿದೆ ಎಂದರ್ಥ. ಕಂಪನಿ ಹೊರತಂದಿದ್ದ ಬಿಡಿಭಾಗಗಳ ಕ್ಯಾಟಲಾಗಿನ ಪ್ರತಿ ಒಂದನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಅದರಲ್ಲಿ ಪ್ರತಿ ಜೋಡಣೆಯನ್ನೂ ಬಿಡಿಸಿಟ್ಟಂತೆ ಚಿತ್ರ ಬರೆದಿರುತ್ತದೆ; ಚಿತ್ರದಲ್ಲಿದ್ದು ಗಾಡಿಯಲ್ಲಿಲ್ಲದ್ದನ್ನು ಅಲ್ಲೇ ಗುರುತು ಹಾಕಿಕೊಳ್ಳಬಹುದು.

ಎರಡನೆಯ ಹಂತ ಫ್ರೇಮನ್ನು ಓದುವುದು. ಬಿಚ್ಚಿದ ಸಾಮಾನು ಹೋದರೂ ಅದು ಕೂತಿದ್ದ ಜಾಗ ಉಳಿಯುತ್ತದೆ. ಏನನ್ನೂ ಹಿಡಿಯದ ಕ್ಲ್ಯಾಂಪ್, ಖಾಲಿ ತೂತು, ಬೆಸುಗೆ ಹಾಕಿದ ಕಿವಿಯಂಥ ಪಟ್ಟಿ, ಬೋಲ್ಟ್ ಇಲ್ಲದ ಥ್ರೆಡ್ ಇವು ಪ್ರತಿಯೊಂದೂ ಒಂದು ಬಿಡಿಭಾಗದ ಲೆಕ್ಕ. ಹಳೆಯ ಗಾಡಿಯಲ್ಲಿ ಹೊಳೆಯುವ ಹೊಸ ಬೋಲ್ಟ್ ಕಂಡರೆ ಅಲ್ಲಿ ಯಾವುದೋ ಭಾಗ ಬದಲಾಗಿದೆ. ಪೇಂಟ್ ಹಳೆಯದಾಗಿದ್ದರೆ ಇನ್ನೂ ಸುಲಭ: ಲಾಂಛನವೋ ರಬ್ಬರೋ ಇದ್ದ ಜಾಗದ ಬಣ್ಣ ಬಿಸಿಲಿಗೆ ಮಾಸದೆ ಗಾಢವಾಗಿರುತ್ತದೆ. ಅಂಕಣಕಾರ ಸಿದ್ಧಾರ್ಥನಗರದ ಮನೆಯೊಂದರಲ್ಲಿ ಕಂಡ ರೋಡ್‌ಕಿಂಗ್‌ನಲ್ಲಿ ಎಡಗಡೆಯ ಸೈಲೆನ್ಸರ್ ಕಂಪನಿಯದು, ಬಲಗಡೆಯದು ಲೋಕಲ್. ಎರಡಕ್ಕೂ ಒಂದೇ ಬಗೆಯ ಕ್ರೋಮ್ ಹಾಕಿಸಲಾಗಿತ್ತು. ನೇರ ನಿಂತು ನೋಡಿದರೆ ವ್ಯತ್ಯಾಸವೇ ಕಾಣದು. ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದಾಗ ಒಂದರ ತುದಿ ಮೊಂಡು, ಒಂದರದು ಚೂಪು. ಬಲಗಡೆಯದರ ಕ್ಲ್ಯಾಂಪ್ ಮೂಲ ತೂತಿಗೆ ಎಟುಕದೆ ಒಂದು ತುಂಡು ಪಟ್ಟಿ ಸೇರಿಸಿ ಬಿಗಿದಿತ್ತು. ಎಡಬಲಗಳನ್ನು ಹೋಲಿಸಿ ನೋಡುವುದಕ್ಕೆ ಕಾಸು ಖರ್ಚಿಲ್ಲ, ಆದರೂ ಹೆಚ್ಚಿನವರು ನೋಡುವುದಿಲ್ಲ.

ಸೈಲೆನ್ಸರ್ ವಿಷಯದಲ್ಲಿ ಇನ್ನೂ ಒಂದು ಮಾತು. 250 ಸಿಸಿಯ ಜಾವಾ, ಯೆಜ್ಡಿಗಳಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಒಂದನ್ನು ಕಿತ್ತು ಆ ಬಾಯಿಗೆ ಮುಚ್ಚಳ ಹೊಡೆದ ಗಾಡಿಗಳಿವೆ. ಎರಡೂ ಇದ್ದರೂ ಸದ್ದಿನ ಆಸೆಗೆ ಒಳಗಿನ ಬ್ಯಾಫಲ್ ತೆಗೆದಿರುವುದು ತುಂಬಾ ಸಾಮಾನ್ಯ. ಟೂ ಸ್ಟ್ರೋಕ್ ಎಂಜಿನ್ನಿನ ಎಳೆತ ಸೈಲೆನ್ಸರಿನ ಒಳರಚನೆಯನ್ನು ಅವಲಂಬಿಸಿರುವುದರಿಂದ ಇಲ್ಲಿ ನಷ್ಟ ಬರೀ ಅಂದದ್ದಲ್ಲ. ಹಿಂದಿನಿಂದ ಟಾರ್ಚ್ ಬಿಟ್ಟರೆ ತಿಳಿಯುತ್ತದೆ.

ಎಂಜಿನ್ ಹತ್ತಿರ ಮೂರು ಕಡೆ ಕಣ್ಣಿಡಬೇಕು. ಮೊದಲನೆಯದು ಕಾರ್ಬುರೇಟರ್. ಹಳೆಯ ಗಾಡಿಗಳ ಜಿಕಾವ್ ಕಾರ್ಬುರೇಟರ್ ಸವೆದ ಮೇಲೆ ಕೈಗೆ ಸಿಕ್ಕ ಬೇರೆ ಗಾಡಿಯದನ್ನು ಕೂಡಿಸಿದವರೇ ಹೆಚ್ಚು. ಹಾಗೆ ಕೂಡಿಸುವಾಗ ಜಾವಾದ ಕಾರ್ಬುರೇಟರನ್ನು ಮುಚ್ಚುತ್ತಿದ್ದ ಕವರ್ ಸರಿಹೊಂದದೆ ಮೂಲೆ ಸೇರುತ್ತದೆ. ಮೂಲೆಯಿಂದ ಗುಜರಿಗೆ ಹೋಗುತ್ತದೆ. ಎರಡನೆಯದು ಕಿಕ್ಕರ್. ಈ ಗಾಡಿಗಳಲ್ಲಿ ಕಿಕ್ ಹೊಡೆಯುವ, ಗೇರ್ ಬದಲಿಸುವ ಎರಡೂ ಕೆಲಸವನ್ನು ಒಂದೇ ಲಿವರ್ ಮಾಡುತ್ತದೆ. ಬೇರೆ ಗಾಡಿಯ ಲಿವರನ್ನು ಬೆಸೆದಿದ್ದರೆ ಆ ಕೆಲಸ ಸಲೀಸಾಗಿ ನಡೆಯದು. ಮೂರನೆಯದು ಚೈನ್ ಕೇಸ್. ಜಾವಾದಲ್ಲಿ ಚೈನು ಪೂರ್ತಿ ಮುಚ್ಚಿದ ಕೇಸಿನೊಳಗೆ, ಎಂಜಿನ್ ಕಡೆಗೆ ರಬ್ಬರ್ ಕೊಳವೆಗಳ ಮೂಲಕ ಓಡುತ್ತದೆ. ಚೈನು ಬರಿಮೈಯಲ್ಲಿ ಕಂಡರೆ ಕೇಸು, ಕೊಳವೆ ಎರಡರ ಬೆಲೆಯನ್ನೂ ಕಳೆಯಬೇಕು.

ವಿದ್ಯುತ್ತಿನ ಭಾಗದಲ್ಲಿ ತೀರ್ಮಾನ ಅಷ್ಟು ಕಟುವಾಗಿರಬೇಕಿಲ್ಲ. ಹಳೆಯ ಗಾಡಿಗಳ 6 ವೋಲ್ಟಿನ ಡೈನಮೊ, ಪಾಯಿಂಟು, ಕಟೌಟುಗಳನ್ನು ತೆಗೆದು 12 ವೋಲ್ಟಿಗೆ ಬದಲಿಸುವುದು ರೂಢಿ. ರಾತ್ರಿ ಹೊತ್ತು ಬನ್ನೂರು ರಸ್ತೆಯಲ್ಲಿ ಓಡಿಸುವವರಿಗೆ ಅದರಿಂದ ಒಳ್ಳೆಯದೇ ಆಗಿದೆ. ಪ್ರಶ್ನೆ ಇರುವುದು ತೆಗೆದ ಸಾಮಾನು ಎಲ್ಲಿ ಎಂಬುದರಲ್ಲಿ. ಹಳೆಯ ಮನೆಗಳಲ್ಲಿ ಬಿಚ್ಚಿದ ಸಾಮಾನನ್ನು ಎಸೆಯುವುದಿಲ್ಲ. ಅಟ್ಟದ ಮೇಲೋ ಮೆಟ್ಟಿಲ ಕೆಳಗೋ ಒಂದು ಗೋಣಿಚೀಲ ಇರುತ್ತದೆ. ಮೇಲೆ ಹೇಳಿದ ರೋಡ್‌ಕಿಂಗ್‌ನ ಮೂಲ ಕಾರ್ಬುರೇಟರ್, ಒಂದು ಟೂಲ್ ಬಾಕ್ಸಿನ ಮುಚ್ಚಳ, ಬೀಗದ ಗುಬುಟು ಸಿಕ್ಕಿದ್ದು ಅಂಥ ಚೀಲದಲ್ಲೇ, ಹಳೆಯ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್‌ಗಳ ಜೊತೆ. “ಬಿಚ್ಚಿದ್ದು ಏನಾದ್ರೂ ಇಟ್ಟಿದ್ದೀರಾ, ಅಂಕಲ್?” ಎಂಬ ಒಂದು ಪ್ರಶ್ನೆಯನ್ನು ಬೆಲೆ ಕುದುರಿಸುವ ಮೊದಲು ಕೇಳಬೇಕು. ಬೆಲೆ ಕುದುರಿದ ಮೇಲೆ ಕೇಳಿದರೆ ಚೀಲಕ್ಕೆ ಬೇರೆ ಬೆಲೆ.

ಇರುವ ಸಾಮಾನು ಮೂಲದ್ದೋ ನಕಲೋ ಎಂಬುದು ಕೈಗೆ ಮೊದಲು ತಿಳಿಯುತ್ತದೆ. ಕಂಪನಿಯ ತಗಡು ದಪ್ಪ, ಬೆರಳಲ್ಲಿ ತಟ್ಟಿದರೆ ಸದ್ದು ಗಟ್ಟಿ; ಈಗಿನ ನಕಲಿನದು ತೆಳು, ಅಂಚು ಒರಟು. ಟ್ಯಾಂಕು, ಮಡ್‌ಗಾರ್ಡುಗಳ ಮೇಲೆ ಸಣ್ಣ ಅಯಸ್ಕಾಂತ ಓಡಿಸಿ ನೋಡಬೇಕು. ಅದು ಜಾರಿ ಬೀಳುವ ಕಡೆ ಪುಟ್ಟಿ ಮೆತ್ತಿದೆ, ಅಂದರೆ ಅಡಿಯಲ್ಲಿ ಡೆಂಟ್ ಅಥವಾ ತೂತು. ರಬ್ಬರ್ ಸಾಮಾನು ಮಾತ್ರ ಹೊಸದಿದ್ದರೂ ಚಿಂತೆಯಿಲ್ಲ. ಐವತ್ತು ವರ್ಷದ ಮೂಲ ರಬ್ಬರಿಗೆ ಹೆಚ್ಚು ಹಣ ಕೊಡುವುದು ಸಂಗ್ರಹಕಾರರ ಚಟ.

ಇನ್ನು ಬೆಲೆಯ ಲೆಕ್ಕ. ಇಲ್ಲದ ಸಾಮಾನಿನ ಪಟ್ಟಿಯನ್ನು ಮಾರುವವರ ಎದುರಿಗೇ ಬರೆದು, ಅಂದೇ ಬೆಲೆ ಹೇಳದೆ ಬರಬೇಕು. ಹೊಸದಾಗಿ ತಯಾರಾಗುವ ಸಾಮಾನಿಗೆ ಅಂಗಡಿಯ ಬೆಲೆಯ ಜೊತೆ ಕೂಡಿಸುವ ಕೂಲಿಯನ್ನೂ ಸೇರಿಸಿ ಕಳೆದರೆ ಸಾಕು. ಗುಜರಿಯಲ್ಲೋ ಹಳೆಯ ಮೇಸ್ತ್ರಿಯ ಬಳಿಯೋ ಹುಡುಕಿದರೆ ಸಿಗುವಂಥದ್ದಕ್ಕೆ ಬೆಲೆಯ ಮೇಲೆ ಇನ್ನರ್ಧ ಸೇರಿಸಿ ಕಳೆಯುವುದು ನ್ಯಾಯ, ಏಕೆಂದರೆ ಸಿಕ್ಕಿದ್ದಕ್ಕೆ ಮತ್ತೆ ಕ್ರೋಮ್, ಟಿಂಕರಿಂಗ್ ಇದ್ದೇ ಇರುತ್ತದೆ. ಲೆಕ್ಕದ ರೀತಿ ತಿಳಿಯಲು, ಕೇಳಿದ ಬೆಲೆ ₹90,000 ಎಂದಿಟ್ಟುಕೊಳ್ಳೋಣ. ಹೊಸದಾಗಿ ಸಿಗುವ ಸಾಮಾನು, ಕೂಲಿ ಸೇರಿ ₹12,000. ಹಳೆಯದಾಗಿ ಸಿಗುವಂಥದ್ದು ₹10,000, ಅದರ ಮೇಲೆ ಇನ್ನರ್ಧ ಸೇರಿ ₹15,000. ಆಗ ಕೊಡಬಹುದಾದ ಬೆಲೆ ₹63,000. ಎಲ್ಲೂ ಸಿಗದ ಸಾಮಾನಿಗೆ ಈ ಲೆಕ್ಕ ನಡೆಯದು. ಯೆಜ್ಡಿ 350ರಂಥ ಅಪರೂಪದ ಗಾಡಿಯಲ್ಲಿ ಅಂಥ ಎರಡು ಮೂರು ಸಾಮಾನು ಇಲ್ಲದಿದ್ದರೆ ಅದನ್ನು ಓಡಿಸುವ ಗಾಡಿ ಎಂದು ಕೊಳ್ಳಬಹುದು, ಮೂಲರೂಪದ ಗಾಡಿಯ ಬೆಲೆ ಕೊಡಬಾರದು.

ಯಾವ ಗುಜರಿಯಲ್ಲೂ ಸಿಗದ ಸಾಮಾನೆಂದರೆ ನಂಬರು. ಫ್ರೇಮಿನ ತಲೆಯ ಭಾಗದ ಚಾಸಿ ನಂಬರ್, ಕ್ರ್ಯಾಂಕ್‌ಕೇಸಿನ ಎಂಜಿನ್ ನಂಬರ್ ಎರಡನ್ನೂ ಆರ್‌ಸಿಯೊಂದಿಗೆ ಅಂಕಿ ಅಂಕಿ ಹೋಲಿಸಬೇಕು. ಉಜ್ಜಿ ನಯ ಮಾಡಿದ ಜಾಗ, ಏರುಪೇರಾದ ಅಂಕಿಗಳು ಕಂಡರೆ ಮತ್ತೆ ಹೊಡೆದ ನಂಬರ್ ಎಂದು ಅನುಮಾನಿಸಬೇಕು. ಜಾವಾ ಫ್ರೇಮಿಗೆ ಯೆಜ್ಡಿ ಎಂಜಿನ್ ಕೂಡಿಸಿರುವುದು ಅಪರೂಪವಲ್ಲ. ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ನಮೂದಾಗಿಲ್ಲದಿದ್ದರೆ ಬಿಟ್ಟು ಬರುವುದೇ ಮೇಲು. ನಂಬರ್ ಪ್ಲೇಟಿನಲ್ಲಿ ಕೆಎ-09 ಅಥವಾ ಕೆಎ-55 ಇದ್ದು ಗಾಡಿ ಎಪ್ಪತ್ತರ ದಶಕದ್ದಾಗಿದ್ದರೆ ಅದು ಮರುನೋಂದಣಿಯಾಗಿದೆ ಎಂದರ್ಥ, ಏಕೆಂದರೆ ಕೆಎ ಸರಣಿ ಆಗ ಇರಲೇ ಇಲ್ಲ. ಹಾಗಿದ್ದಲ್ಲಿ ಹಿಂದಿನ ದಾಖಲೆಯನ್ನೂ ಕೇಳಬೇಕು.

ಆರ್‌ಸಿಯ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ ₹300ರಿಂದ ₹1,000ಕ್ಕೆ ಏರಿತು. 20 ವರ್ಷ ದಾಟಿದ ಬೈಕುಗಳಿಗೆ 2025ರ ಆಗಸ್ಟ್‌ನಲ್ಲಿ ₹2,000 ಆಯಿತು. ಇದಕ್ಕಿಂತ ಹೆಚ್ಚು ಕಚ್ಚುವುದು ತಡದ ದಂಡ: ತಿಂಗಳಿಗೆ ₹300. ವರ್ಷಗಟ್ಟಲೆ ಶೆಡ್ಡಿನಲ್ಲಿ ಮಲಗಿದ್ದ ಗಾಡಿಗೆ ಬಾಕಿ ಎಷ್ಟೆಂದು ಆರ್‌ಟಿಒದಲ್ಲಿ ವಿಚಾರಿಸಿ, ಆ ಮೊತ್ತವನ್ನೂ ಇಲ್ಲದ ಸಾಮಾನಿನ ಪಟ್ಟಿಗೇ ಸೇರಿಸಬೇಕು.

ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ 2021ರ ಜುಲೈನಲ್ಲಿ ಬಂದ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಚಾಸಿ, ಎಂಜಿನ್ ಬದಲಾಗಿದ್ದರೆ ಸಿಗದು. ಶುಲ್ಕ ₹20,000, ಅವಧಿ 10 ವರ್ಷ, ನವೀಕರಣಕ್ಕೆ ₹5,000. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಬಿಟ್ಟು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತರಕಾರಿಗೆ, ಆಫೀಸಿಗೆ ಓಡಿಸುವ ಆಸೆಯಿದ್ದವರಿಗೆ ಸಾಮಾನ್ಯ ನವೀಕರಣವೇ ಸಾಕು. 1978ರ ರೋಡ್‌ಕಿಂಗ್‌ಗಂತೂ 2028ರವರೆಗೆ ಈ ಪ್ರಶ್ನೆಯೇ ಏಳುವುದಿಲ್ಲ.

ವಿಮೆಯಲ್ಲಿ 150ರಿಂದ 350 ಸಿಸಿಯ ಬೈಕಿಗೆ ಮೂರನೇ ವ್ಯಕ್ತಿಯ ವಿಮೆಯ ವಾರ್ಷಿಕ ಕಂತು 2022ರ ಜೂನ್‌ನಿಂದ ₹1,366, ತೆರಿಗೆ ಬೇರೆ. ಅದು ಕಡ್ಡಾಯ, ಆದರೆ ಅದರಿಂದ ಕಳುವಾದ ಗಾಡಿಗೆ ಬಿಡಿಗಾಸೂ ಬಾರದು. ಸ್ವಂತ ಹಾನಿಯ ವಿಮೆ ಬೇಕಿದ್ದರೆ, ಐದು ವರ್ಷ ದಾಟಿದ ಗಾಡಿಯ ಮೌಲ್ಯವನ್ನು ಕಂಪನಿಯೂ ಮಾಲೀಕರೂ ಮಾತಾಡಿಕೊಂಡೇ ನಿಗದಿ ಮಾಡಬೇಕು. ಮೂಲ ಸಾಮಾನುಗಳ ಫೋಟೊ, ಬಿಲ್ಲುಗಳಿಗೆ ಬೆಲೆ ಬರುವುದು ಅಲ್ಲಿ. ಗಾಡಿಯನ್ನು ಮುಂದೆ ಮಾರಿ ಲಾಭ ಬಂದರೆ, ಸ್ವಂತ ಬಳಕೆಯ ಬೈಕು ಆದಾಯ ತೆರಿಗೆ ಕಾನೂನಿನಲ್ಲಿ ಬಂಡವಾಳ ಆಸ್ತಿಯಲ್ಲವಾದ್ದರಿಂದ ಬಂಡವಾಳ ಲಾಭದ ತೆರಿಗೆ ಇಲ್ಲ. ನಷ್ಟವಾದರೆ ಅದನ್ನು ಬೇರೆ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಕೊಂಡು, ಸಾಮಾನು ಕೂಡಿಸಿ, ಮಾರುವುದನ್ನೇ ಕಸುಬು ಮಾಡಿಕೊಂಡವರಿಗೆ ಮಾತ್ರ ಅದು ವ್ಯಾಪಾರದ ಆದಾಯ.