ತಿಮಿಂಗಿಲದ ಎಲುಬುಗಳು

ತಿಮಿಂಗಿಲದ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಕಣ್ಣಾರೆ ಕಂಡವರು ಸ್ವಲ್ಪ. ಅದು ದೊಡ್ಡದೊಂದು ಮೀನೆಂದು ತಿಳಿದವರೋ ಬಹಳ. ಈ ತಿಳುವಳಿಕೆ ಸರಿಯೋ ಎಂಬದನ್ನು ವಿಚಾರಿಸುವದಕ್ಕಾಗಿ ಈ ಸಾರಿ ಲಂಡನ್ ಪಟ್ಟಣದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ ಎಂಬ ವಸ್ತುಸಂಗ್ರಹಾಲಯವನ್ನು ಮನಸ್ಸಿನಿಂದ ಪ್ರವೇಶಿಸೋಣ. 1881ರಲ್ಲಿ ಜನರಿಗೆ ತೆರೆಯಲ್ಪಟ್ಟ ಆ ಕಟ್ಟಡದ ನಡುವಣ ಸಭಾಂಗಣದಲ್ಲಿ ನಿಂತು ತಲೆಯೆತ್ತಿದರೆ, ಒಂದು ನೀಲಿ ತಿಮಿಂಗಿಲದ ಅಸ್ಥಿಪಂಜರವು ಬಾಯಿ ತೆರೆದುಕೊಂಡು ಕೆಳಗೆ ಧುಮುಕುವಂತೆ ತೂಗಾಡುತ್ತಿರುವದು. ಉದ್ದವು 25 ಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು 55 ಮೊಳ. ಎಲುಬುಗಳು 221, ಅವುಗಳ ಭಾರವೇ ನಾಲ್ಕೂವರೆ ಟನ್ನು.

ಮೊದಲು ಅದರ ಈಜುರೆಕ್ಕೆಯನ್ನು ನೋಡೋಣ. ಹೊರಗಿನಿಂದ ಮೀನಿನ ರೆಕ್ಕೆಯಂತೆ ತೋರುವದಾದರೂ ಅದರೊಳಗೆ ತೋಳಿನ ಎಲುಬು, ಮುಂಗೈಯ ಎರಡು ಎಲುಬುಗಳು, ಮಣಿಕಟ್ಟು, ಬೆರಳುಗಳು ಎಲ್ಲವೂ ಕ್ರಮವಾಗಿರುವವು. ಕುತ್ತಿಗೆಯು ಉಂಟೋ ಇಲ್ಲವೋ ಎಂಬಷ್ಟು ಗಿಡ್ಡವಾದರೂ ಅದರಲ್ಲಿ ನಮಗಿರುವಂತೆಯೇ ಏಳು ಎಲುಬುಗಳುಂಟು. ಹಿಂಗಾಲುಗಳಿಲ್ಲ, ಆದರೆ ಬೆನ್ನೆಲುಬಿಗೆ ಸೇರದ ಎರಡು ಸಣ್ಣ ಸೊಂಟದೆಲುಬುಗಳು ಮಾಂಸದೊಳಗೆ ಹುದುಗಿರುವವು, ಇದರ ಪೂರ್ವಿಕರು ನೆಲದ ಮೇಲೆ ನಡೆದವರೆಂಬದಕ್ಕೆ ಇದೇ ಗುರುತು. ಮೀನು ಬಾಲವನ್ನು ಎಡಕ್ಕೂ ಬಲಕ್ಕೂ ಆಡಿಸುವದು. ತಿಮಿಂಗಿಲವೋ ಓಡುವ ಕುದುರೆಯ ಬೆನ್ನು ಬಾಗುವಂತೆ ಮೇಲಕ್ಕೂ ಕೆಳಕ್ಕೂ ಆಡಿಸುವದು. ಅದು ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡಿಸುವದು. ಆದ್ದರಿಂದ ಅದು ಮೀನಲ್ಲ. ಇಂದು ಜೀವಿಸುವ ಪ್ರಾಣಿಗಳಲ್ಲಿ ನೀರಾನೆಯೇ ಅದಕ್ಕೆ ಅತಿ ಸಮೀಪದ ಬಂಧು. ನಮ್ಮ ಹಟ್ಟಿಯ ದನ ಕುರಿಗಳೂ ದೂರದ ಸಂಬಂಧಿಕರೇ!

ಇಷ್ಟು ದೊಡ್ಡ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಮೇಲ್ದವಡೆಯಿಂದ ಉಗುರಿನಂಥ ಪದಾರ್ಥದ ಹಲಗೆಗಳು ಸಾಲಾಗಿ ಇಳಿಬಿದ್ದು ಜರಡಿಯ ಕೆಲಸವನ್ನು ಮಾಡುವವು. ಸಿಗಡಿಯನ್ನು ಹೋಲುವ ಚಿಕ್ಕ ಪ್ರಾಣಿಗಳು ತುಂಬಿದ ನೀರನ್ನು ಬಾಯಿ ತುಂಬ ತೆಗೆದುಕೊಂಡು, ನೀರನ್ನು ಹೊರಗೆ ನೂಕಿ, ಉಳಿದದ್ದನ್ನು ನುಂಗುವದು. ಈ ಹಲಗೆಗಳು ಉಗುರಿನಂತೆ ಬೆಳೆಯುತ್ತಾ ಹೋಗುವದರಿಂದ, ಸಂಗ್ರಹಾಲಯದವರು ಜೋಪಾನವಾಗಿಟ್ಟಿದ್ದ ಹಲಗೆಯನ್ನು ಪರೀಕ್ಷಿಸಿ ಈ ಪ್ರಾಣಿಯು ತನ್ನ ಕಡೇ ವರುಷಗಳಲ್ಲಿ ಎಲ್ಲೆಲ್ಲಿ ಸಂಚರಿಸಿತೆಂದು ವಿದ್ವಾಂಸರು ಊಹಿಸಿದ್ದಾರೆ.

ಇದು ಹೆಣ್ಣು ತಿಮಿಂಗಿಲ. 1891ರ ಮಾರ್ಚ್ ತಿಂಗಳಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ರೇವಿನ ಬಳಿ ಮರಳದಿಣ್ಣೆಯಲ್ಲಿ ಸಿಕ್ಕಿಬಿದ್ದು ಸತ್ತಿತು. ಸಂಗ್ರಹಾಲಯದವರು ಎಲುಬುಗಳನ್ನು ಕ್ರಯಕ್ಕೆ ತಂದರು. ಆದರೆ ಇಡುವಷ್ಟು ಸ್ಥಳ ದೊರೆತು ಜನರ ಮುಂದೆ ತೂಗಹಾಕುವದಕ್ಕೆ 1934ನೇ ವರುಷವೇ ಬರಬೇಕಾಯಿತು. ಈಗಿರುವ ಸಭಾಂಗಣಕ್ಕೆ ತಂದದ್ದು 2017ರಲ್ಲಿ. ಆಗಲೇ ಅದಕ್ಕೆ "ಹೋಪ್" ಎಂದು, ಅಂದರೆ ನಿರೀಕ್ಷೆ ಎಂದು, ಹೆಸರಿಟ್ಟರು.

ಸತ್ತ ಪ್ರಾಣಿಗೆ ಈ ಹೆಸರೇಕೆ? ಪೂರ್ವಕಾಲದ ಬೇಟೆಗಾರರು ಹುಟ್ಟುಹಾಕುವ ದೋಣಿಗಳಲ್ಲಿ ನೀಲಿ ತಿಮಿಂಗಿಲವನ್ನು ಹಿಂದಟ್ಟಲಾರದೆ ಇದ್ದರು. ಅದರ ವೇಗವು ಅಷ್ಟು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಹೊಗೆಹಡಗುಗಳೂ ಸಿಡಿಮದ್ದಿನ ಈಟಿಯನ್ನು ಹಾರಿಸುವ ಫಿರಂಗಿಯೂ ಬಂದ ಮೇಲೆ ಅದಕ್ಕೆ ದಿಕ್ಕಿಲ್ಲದಾಯಿತು. ಕೊಬ್ಬನ್ನು ಕಾಯಿಸಿ ತೆಗೆದ ಎಣ್ಣೆಯಿಂದ ಯೂರೋಪಿನಲ್ಲಿ ಸಾಬೂನನ್ನೂ, ಬೆಣ್ಣೆಗೆ ಬದಲಾಗಿ ರೊಟ್ಟಿಗೆ ಹಚ್ಚುವ ಮಾರ್ಗರೀನನ್ನೂ ಮಾಡುತ್ತಿದ್ದರು. 1930-31ರ ಒಂದೇ ಬೇಟೆಯ ಕಾಲದಲ್ಲಿ ದಕ್ಷಿಣ ಧ್ರುವದ ಸಮುದ್ರದಲ್ಲಿ ಸುಮಾರು 29,000 ನೀಲಿ ತಿಮಿಂಗಿಲಗಳನ್ನು ಕೊಂದರು. ಒಂದು ತುಂಡು ಸಾಬೂನಿಗೋಸ್ಕರ ಇಂಥ ಪ್ರಾಣಿಯೇ? ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಕೊನೆಗೆ ಆ ಸಮುದ್ರದಲ್ಲಿ ಕೆಲವು ನೂರು ಮಾತ್ರ ಉಳಿದವು.

1966ರಲ್ಲಿ ಅನೇಕ ರಾಜ್ಯಗಳವರು ಕೂಡಿ ನೀಲಿ ತಿಮಿಂಗಿಲವನ್ನು ಎಲ್ಲಾ ಸಮುದ್ರಗಳಲ್ಲಿಯೂ ಕೊಲ್ಲಕೂಡದೆಂದು ನಿಷೇಧಿಸಿದರು. ಕೆಲವರು ಗುಟ್ಟಾಗಿ ಮೀರಿದರೂ ನಾಶವು ನಿಂತಿತು. ಸಂಖ್ಯೆಯು ಮೆಲ್ಲಮೆಲ್ಲನೆ ಏರುತ್ತಲಿದೆ. ತಾಯಿಯು ಹತ್ತು ಹನ್ನೆರಡು ತಿಂಗಳು ಗರ್ಭಧರಿಸಿ ಎರಡು ಮೂರು ವರುಷಗಳಿಗೆ ಒಂದೇ ಮರಿಯನ್ನು ಹೆರುವದರಿಂದ, ಕೆಲವೇ ವರುಷಗಳಲ್ಲಿ ಕೊಂದದ್ದು ತುಂಬಿಬರುವದಕ್ಕೆ ಎಷ್ಟೋ ತಲೆಮಾರುಗಳು ಬೇಕಾಗುವವು.